ಹೆರಿಗೆ ಕೋಣೆಯೋ ರೆಕಾರ್ಡ್ ರೂಮೋ

ಮೈಸೂರಿನಲ್ಲಿ ಸ್ವಂತ ಮನೆ, ಮನೆಯಲ್ಲಿ ಸ್ವಂತ ಮಂಚ, ಮಂಚದ ಮೇಲೆ ಹೋದ ವರ್ಷವಷ್ಟೇ ಹತ್ತಿ ತುಂಬಿಸಿದ ಹಾಸಿಗೆ. ಇಷ್ಟೆಲ್ಲ ಇದ್ದೂ ಅದೇ ಮೈಸೂರಿನಲ್ಲಿ, ಸಿಟಿ ಬಸ್ಸಿಗೆ ಇಪ್ಪತ್ತೈದು ನಿಮಿಷದ ದೂರದಲ್ಲಿ, ಹೋಟೆಲಿನಲ್ಲಿ ಕೋಣೆ ಹಿಡಿದು ಮಲಗಿ ಬಂದವಳು ನಾನು. ಯಾಕೆ ಅಂತ ಕೇಳುತ್ತೀರಿ. ಕೇಳಿ. ಇಷ್ಟು ವರ್ಷ ಎಲ್ಲರದ್ದನ್ನೂ ನಾನು ಕೇಳಿದ್ದೇನೆ, ಇವತ್ತು ಒಂದು ದಿನ ನನ್ನದನ್ನು ನೀವು ಕೇಳಿ.

ನನ್ನ ಕಷ್ಟ ದೊಡ್ಡದೇನಲ್ಲ. ದಿನಾ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಇಷ್ಟಲಿಂಗವನ್ನು ಎಡ ಅಂಗೈ ಮೇಲಿಟ್ಟುಕೊಂಡು ಪೂಜೆಗೆ ಕೂರುತ್ತೇನೆ. ಲಿಂಗ ಅಂಗೈಯಲ್ಲಿರುವಷ್ಟು ಹೊತ್ತು ಏಳಬಾರದು, ಮಾತಾಡಬಾರದು ಎಂದು ನಮ್ಮಮ್ಮ ಕಲಿಸಿದ ಕ್ರಮ. ಈ ಕ್ರಮ ನನಗೆ ಗೊತ್ತು, ಶಿವನಿಗೆ ಗೊತ್ತು. ಗೊತ್ತಿಲ್ಲದ್ದು ನಮ್ಮ ಮನೆಯ ಕುಕ್ಕರಿಗೆ, ಹಾಲಿನವನಿಗೆ, ಮತ್ತು ನಮ್ಮ ಯಜಮಾನರಾದ ಸದಾಶಿವಯ್ಯನವರಿಗೆ. ಎರಡು ವರ್ಷದ ಹಿಂದೆ ರಿಟೈರ್ ಆದಾಗಿನಿಂದ ಅವರು ವಿಜಯನಗರದ ನಮ್ಮ ಮನೆಯನ್ನೇ ಕಚೇರಿ ಮಾಡಿಕೊಂಡಿದ್ದಾರೆ. ನಾನು ಲಿಂಗದ ಮೇಲೆ ದೃಷ್ಟಿ ನೆಟ್ಟಿದ್ದೇ ತಡ, ಕಲಾಪ ಶುರು.

"ಸರೋಜಾ, ಪೇಪರ್ ಮಧ್ಯದ ಹಾಳೆ ಎಲ್ಲಿ?"

ನಾನು ಬಿಲ್ವಪತ್ರೆ ಏರಿಸುತ್ತೇನೆ.

"ಸರೋಜಾ, ನನ್ ಕನ್ನಡಕ?"

ಕನ್ನಡಕ ಅವರ ಹಣೆಯ ಮೇಲೇ ಇದೆ ಎಂದು ಹೇಗೆ ಹೇಳಲಿ?

"ಪರವಾಗಿಲ್ಲ, ಮಾತಾಡ್ಬೇಡ, ಪೂಜೆ ಮಾಡ್ಕೋ. ಬರೀ ತಲೆ ಆಡಿಸು ಸಾಕು. ನೀರಿನ ಮೋಟ್ರು ಹಾಕಿದ್ದೀಯಾ? ಹಾಕಿದ್ರೆ ಒಂದ್ಸಲ, ಇಲ್ದಿದ್ರೆ ಎರಡ್ಸಲ."

ಇದು ಸಾಲದೆಂದು ನಮ್ಮವರ ಅಕ್ಕ, ಲಕ್ಷ್ಮೀಪುರಂನ ಶಾಂತಾದೇವಿ ಅತ್ತಿಗೆ, ಸರಿಯಾಗಿ ನನ್ನ ಪೂಜೆಯ ಹೊತ್ತಿಗೇ ಫೋನ್ ಮಾಡುತ್ತಾರೆ. ಆಗಾದರೆ ನಾನು ಮಧ್ಯೆ ಬಾಯಿ ಹಾಕುವುದಿಲ್ಲವಲ್ಲ! ನಮ್ಮವರು ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮಗ್ಗುಲಲ್ಲಿಟ್ಟು ಹೋಗುತ್ತಾರೆ. ಅತ್ತಿಗೆಯ ಮಂಡಿನೋವು, ಅವರ ಮನೆಯ ಕೆಲಸದವಳ ಠೇಂಕಾರ, ಎದುರುಮನೆಯವರ ಕಾರು ನಿಲ್ಲಿಸುವ ಗಲಾಟೆ ಎಲ್ಲವೂ ಶಿವನಿಗೂ ನನಗೂ ಒಟ್ಟಿಗೇ ನಿವೇದನೆಯಾಗುತ್ತವೆ. ಹೀಗಾಗಿ ನಲವತ್ತು ನಿಮಿಷದ ಪೂಜೆ ಬರಬರುತ್ತ ಎಂಟು ನಿಮಿಷಕ್ಕೆ ಇಳಿದಿದೆ. ಮೂವತ್ತಮೂರು ವರ್ಷದ ಸಂಸಾರದಲ್ಲಿ ಒಂದು ದಿನವೂ ಕೂತ ಪೂಜೆಯನ್ನು ನೆಮ್ಮದಿಯಾಗಿ ಮುಗಿಸಿ ಎದ್ದವಳಲ್ಲ ನಾನು. ನನಗೆ ಬೇಕಾಗಿದ್ದದ್ದು ಅದೊಂದೇ. ಒಂದು ಬೆಳಿಗ್ಗೆ, ಒಂದು ಗಂಟೆ, ಒಂದು ಪೂಜೆ.

ಇಂಥ ಹೊತ್ತಿನಲ್ಲಿ ನಮ್ಮ ಮದುವೆಯ ವಾರ್ಷಿಕೋತ್ಸವ ಹತ್ತಿರ ಬಂತು. ಜಯಲಕ್ಷ್ಮಿಪುರಂನಲ್ಲಿರುವ ಮಗಳು ಲಾಸ್ಯ ಬಂದು ಘೋಷಿಸಿದಳು.

"ಅಮ್ಮ, ಈ ಸಲ ಸೀರೆ ಇಲ್ಲ. ನೀನೂ ಅಪ್ಪಾಜಿನೂ ಒಂದು ದಿನ ಹೋಟ್ಲಲ್ಲಿ ಇದ್ದು ಬರ್ಬೇಕು. ಪೇಟೆ ಒಳಗಡೇನೇ, ನೂರು ವರ್ಷದ ಕಟ್ಟಡಗಳು. ಬುಟೀಕ್ ಹೋಟೆಲ್ ಅಂತಾರೆ. ಎರಡು ಆರಿಸಿಟ್ಟಿದ್ದೀನಿ. ಒಂದನ್ನ ನೀವು ಹೇಳಿ."

"ಬುಟೀಕ್ ಅಂದ್ರೆ ಬ್ಲೌಸ್ ಹೊಲಿಯೋ ಅಂಗಡಿ ಅಲ್ವೇನೇ?"

"ಇದು ಬೇರೆ ಕಣಮ್ಮ. ಸಣ್ಣದಾಗಿ, ಹಳೇ ಕಾಲದ ಥರ ಇರುತ್ತೆ. ನಿಶ್ಶಬ್ದವಾಗಿರುತ್ತೆ."

"ಸಣ್ಣದಾಗಿ ಹಳೇ ಕಾಲದ ಥರ ನಮ್ಮನೇನೇ ಇದೆಯಲ್ಲ" ಅಂದರು ನಮ್ಮವರು.

ನಾನು ಮಾತ್ರ ಮಗಳ ಕೊನೆಯ ಮಾತಿಗೆ ಅಲ್ಲೇ ಶರಣಾಗಿದ್ದೆ. ನಿಶ್ಶಬ್ದ!

ಲಾಸ್ಯ ಮೊಬೈಲಿನಲ್ಲಿ ಚಿತ್ರ ತೋರಿಸಿದಳು. ಮೊದಲನೆಯದು 'ಮಲ್ಲಿಗೆ ಮಹಲ್'. ಕಮಾನಿನ ಕಿಟಕಿ, ತೇಗದ ಮೆಟ್ಟಿಲು, ಹಿತ್ತಾಳೆ ಉರುಳಿಯಲ್ಲಿ ಹೂವು. ನಮ್ಮವರು ಎರಡು ಬೆರಳಿನಲ್ಲಿ ಚಿತ್ರ ದೊಡ್ಡದು ಮಾಡಿ ನೋಡಿ ಕೂಗಿದರು: "ಇದು ನರ್ಸಿಂಗ್ ಹೋಮ್ ಕಣೇ! ನೀನು ಹುಟ್ಟಿದ್ದೇ ಇಲ್ಲಿ!"

ಎರಡನೆಯದು 'ಹುಜೂರ್ ಹೌಸ್'. ಅದನ್ನು ನೋಡಿ ನಮ್ಮವರು ಕೂಗಲಿಲ್ಲ. ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ತಗ್ಗಿದ ದನಿಯಲ್ಲಿ ಅಂದರು: "ಇದು ನಮ್ಮಾಫೀಸು."

ನಮ್ಮ ವಯಸ್ಸಿನ ಮೈಸೂರಿನವರ ಕಷ್ಟವೇ ಇದು. ಹೊರಗಿನವರಿಗೆ ಪಾರಂಪರಿಕ ಕಟ್ಟಡ. ನಮಗೆ ಒಂದು ಹೆರಿಗೆ ಆಸ್ಪತ್ರೆ, ಇನ್ನೊಂದು ನಮ್ಮವರು ಇಪ್ಪತ್ತೊಂದು ವರ್ಷ ಊಟದ ಡಬ್ಬಿ ಹಿಡಿದು ಹೋಗಿ ಬಂದ ಕಚೇರಿ. (ಯಾವ ಇಲಾಖೆ ಎಂದು ಬರೆಯಬಾರದೆಂದು ಅಪ್ಪಣೆಯಾಗಿದೆ. ರಿಟೈರ್ ಆದ ಮೇಲೂ ಕಾನ್ಫಿಡೆನ್ಷಿಯಲ್ ಇರುತ್ತದಂತೆ.) ಇಲಾಖೆ ಹೊಸ ಕಟ್ಟಡಕ್ಕೆ ಹೋದ ಮೇಲೆ ಅದನ್ನು ಯಾರೋ ಹೋಟೆಲ್ ಮಾಡಿದ್ದರು.

ಸುದ್ದಿ ಲಕ್ಷ್ಮೀಪುರಂ ಮುಟ್ಟಿತು. ಅರ್ಧ ಗಂಟೆಯಲ್ಲಿ ಅತ್ತಿಗೆ ಆಟೋದಲ್ಲಿ ಬಂದಿಳಿದರು.

"ಯೋಚ್ನೆ ಯಾತಕ್ಕೆ ಸದಾಶಿವ? ಮಲ್ಲಿಗೆ ಮಹಲ್ಲೇ. ಹೆಣ್ಣಿಗೆ ಹೆರಿಗೆ ಆದ ಜಾಗ ತವರುಮನೆ ಇದ್ದಂಗೆ. ಅಲ್ಲಿ ತಿಂಡಿಗೆ ಹದಿನಾಲ್ಕು ಐಟಂ ಇಡ್ತಾರಂತೆ ಬೇರೆ."

"ನಂದೇನಿದೆ ಅಕ್ಕ. ಸರೋಜಂಗೆ ಎಲ್ಲಿ ಇಷ್ಟವೋ ಅಲ್ಲಿ" ಅಂದರು ನಮ್ಮವರು, ಹುಜೂರ್ ಹೌಸಿನ ಚಿತ್ರದಿಂದ ಕಣ್ಣು ಕೀಳದೆ. "ಆದ್ರೆ ಸ್ಥಳ ಪರಿಶೀಲನೆ ಆಗದೆ ತೀರ್ಮಾನ ಮಾಡೋ ಹಾಗಿಲ್ಲ."

ಮಾರನೆಯ ದಿನ ಪರಿಶೀಲನಾ ತಂಡ ಹೊರಟಿತು. ನಮ್ಮವರು, ಅತ್ತಿಗೆ, ಹಿಂದೆ ನೀರಿನ ಬಾಟಲಿ ಹಿಡಿದ ನಾನು.

ಮಲ್ಲಿಗೆ ಮಹಲಿನಲ್ಲಿ ರೇಷ್ಮೆ ಸೀರೆಯ ಹುಡುಗಿಯೊಬ್ಬಳು ನಮ್ಮನ್ನು ಮೇಲೆ ಕರೆದುಕೊಂಡು ಹೋಗಿ 'ಮಹಾರಾಣಿ ಸೂಟ್' ಎಂಬ ಕೋಣೆಯ ಬಾಗಿಲು ತೆರೆದಳು.

"ಈ ಗೋಡೆಗಳಲ್ಲಿ ರಾಣಿಯರ ಪಿಸುಮಾತು ಇನ್ನೂ ಕೇಳ್ಸುತ್ತೆ ಮೇಡಂ" ಅಂದಳು.

ಪಿಸುಮಾತು! ಆ ಗೋಡೆಗಳಿಗೆ ಏನು ಕೇಳಿಸಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಸುಮ್ಮನಿದ್ದರೂ ಅತ್ತಿಗೆ ಇರಬೇಕಲ್ಲ.

"ಇದೇ ಕೋಣೆ ಕಣೇ! ಆ ಕಿಟಕಿ ಪಕ್ಕ ಮಂಚ ಇತ್ತು. ಅಬ್ಬಾ, ಏನು ಕಿರಿಚಿದೆ ನೀನು! ಕೆಳಗಡೆ ಟಾಂಗಾ ಕುದುರೆ ಬೆದರಿತ್ತು."

"ನಾನು ಹದಿನಾಲ್ಕು ಗಂಟೆ ಇದೇ ಬಾಗಿಲಲ್ಲಿ ನಿಂತಿದ್ದೆ" ಎಂದು ನಮ್ಮವರು ಆ ಹುಡುಗಿಗೆ ಹೇಳಿದರು. (ಆ ಹದಿನಾಲ್ಕು ಗಂಟೆಯಲ್ಲಿ ಎರಡು ಸಲ ದೋಸೆಗೆ, ಒಂದು ಸಲ ಕ್ಷೌರಕ್ಕೆ ಹೋಗಿದ್ದರು. ಮಗುವನ್ನು ನೋಡಲು ಬಂದಾಗ ಮಗುವಿಗಿಂತ ನುಣ್ಣಗಿದ್ದರು.)

ಕೋಣೆ ನಿಜವಾಗಿ ಚೆನ್ನಾಗಿತ್ತು. ತಣ್ಣಗಿತ್ತು, ಮಲ್ಲಿಗೆ ಘಮ್ಮೆನ್ನುತ್ತಿತ್ತು. ಆದರೆ ನಮ್ಮವರು ಅಲ್ಲಿದ್ದ ಸೋಫಾದ ಮೇಲೆ ಕೂತು, ಕಾಲು ಚಾಚಿ, ಎರಡು ನಿಮಿಷ ಆಚೆ ಈಚೆ ನೋಡಿ, "ಸರೋಜಾ, ಟಿ.ವಿ. ರಿಮೋಟ್ ಎಲ್ಲಿಟ್ಟಿರ್ತಾರೆ ಇಲ್ಲಿ?" ಎಂದು ನನ್ನನ್ನೇ ಕೇಳಿದರು. ಇಲ್ಲಿ ಈ ಮನುಷ್ಯರಿಗೆ ಮಾಡಲು ಏನೂ ಕೆಲಸವಿಲ್ಲ, ಮಾತಾಡಲು ನನ್ನ ಬಿಟ್ಟು ಇನ್ನೊಬ್ಬರಿಲ್ಲ. ಇಲ್ಲಿ ಬಂದರೆ ವಿಜಯನಗರವನ್ನೇ ಹೊತ್ತು ತಂದ ಹಾಗೆ.

ಅತ್ತಿಗೆ ಮಂಡಿ ನೋವೆಂದು ಅಲ್ಲಿಂದಲೇ ಮನೆಗೆ ಹೋದರು. ನಾವಿಬ್ಬರೂ ಹುಜೂರ್ ಹೌಸಿಗೆ ಹೋದೆವು. ಬಾಗಿಲಲ್ಲಿ ಜರಿ ಪೇಟ, ಕೆಂಪು ನಡುಪಟ್ಟಿ, ಬಿಳಿ ಮೀಸೆಯ ದ್ವಾರಪಾಲಕರೊಬ್ಬರು ನಿಂತಿದ್ದರು. ನಮ್ಮವರನ್ನು ಕಂಡದ್ದೇ ಸೆಟೆದು ನಿಂತು ಸಲಾಮು ಹೊಡೆದರು.

"ಸದಾಶಿವಯ್ಯ ಸಾರ್!"

"ಏ ಚಿಕ್ಕಣ್ಣ! ಇದೇನೋ ಇದು ವೇಷ?"

ಚಿಕ್ಕಣ್ಣ ಆ ಕಚೇರಿಯಲ್ಲಿ ಅಟೆಂಡರಾಗಿದ್ದವರು. "ಏನ್ ಮಾಡಾದು ಸಾರ್, ಕಟ್ಟಡದ ಜತೆ ನನ್ನೂ ಹೆರಿಟೇಜ್ ಮಾಡ್ಬುಟ್ಟವ್ರೆ" ಅಂದರು.

ಅಷ್ಟೇ. ಇಬ್ಬರೂ ಕೈ ಕೈ ಹಿಡಿದು ಒಳಗೆ ಹೋದರು. ಅಲ್ಲಿ ಡಿಸ್ಪ್ಯಾಚ್ ಸೆಕ್ಷನ್, ಇಲ್ಲಿ ಟೈಪಿಸ್ಟು, ಆ ಕಂಬದ ಹಿಂದೆ ಸಾಹೇಬರ ಕಣ್ಣು ತಪ್ಪಿಸಿ ಕಾಫಿ. ದನಿಗಳು ದೂರ ದೂರ ಹೋಗಿ ಅಡಗಿದವು. ನಾನು ಅಂಗಳದ ಕಲ್ಲುಬೆಂಚಿನ ಮೇಲೆ ಕೂತೆ. ಐದು ನಿಮಿಷವಾಯಿತು. ಹತ್ತಾಯಿತು. ಯಾರೂ ನನ್ನನ್ನು ಕರೆಯಲಿಲ್ಲ. ಮುಕ್ಕಾಲು ಗಂಟೆ ಪೂರ್ತಿ ಭೂಮಿಯ ಮೇಲೆ ಸರೋಜಾ ಎಂಬ ಹೆಸರೇ ಕೇಳಲಿಲ್ಲ.

ಆಗ ನನಗೆ ಜ್ಞಾನೋದಯವಾಯಿತು. ಮಹಾತ್ಮರಿಗೆ ಮರದ ಕೆಳಗಾಗುತ್ತದೆ, ನನಗೆ ಹಳೆಯ ಸರ್ಕಾರಿ ಕಚೇರಿಯ ಅಂಗಳದಲ್ಲಾಯಿತು. ಇವರನ್ನು ಈ ಕಟ್ಟಡದೊಳಗೆ ಬಿಟ್ಟರೆ ಸಾಕು, ಊಟಕ್ಕೂ ಹುಡುಕಬೇಕು!

ಎದ್ದು ನೇರ ಮ್ಯಾನೇಜರ್ ಮಂಜುಶ್ರೀ ಎಂಬ ಹೆಣ್ಣುಮಗಳ ಹತ್ತಿರ ಹೋಗಿ ಕೇಳಿದೆ: "ಎಲ್ಲಕ್ಕಿಂತ ಸದ್ದಿಲ್ಲದ ಕೋಣೆ ಯಾವುದಮ್ಮ?"

"ಮೇಲೆ ಮೂಲೇದು, ಆರನೇ ನಂಬರ್. ಎರಡಡಿ ಗೋಡೆ. ಪಟಾಕಿ ಹೊಡೆದ್ರೂ ಕೇಳಿಸಲ್ಲ ಮೇಡಂ. ಮೊದ್ಲು ರೆಕಾರ್ಡ್ ರೂಮ್ ಆಗಿತ್ತಂತೆ."

"ಅದೇ ಇರಲಿ."

ಮನೆಗೆ ಬಂದು, ಬೇಳೆ ಆರಿಸುತ್ತ, ಏನೂ ಅಲ್ಲವೆಂಬಂತೆ ಹೇಳಿದೆ. "ಹುಜೂರ್ ಹೌಸಿಗೇ ಹೋಗೋಣ ಕಣ್ರೀ."

ನಮ್ಮವರು ನನ್ನನ್ನೇ ನೋಡಿದರು. "ನಿಂಗೆ ಹೆರಿಗೆ ಆದ ಜಾಗ ಬಿಟ್ಟು? ನನಗೋಸ್ಕರಾನಾ?"

ನಾನು ಬೇಳೆಯನ್ನೇ ನೋಡುತ್ತಿದ್ದೆ. ಸುಳ್ಳು ಹೇಳಲಿಲ್ಲ, ಅವರು ತಿಳಿದುಕೊಂಡದ್ದನ್ನು ತಿದ್ದಲಿಲ್ಲ, ಅಷ್ಟೆ. (ಇದು ಪಾಪದಲ್ಲಿ ಸೇರುತ್ತದೆಯೋ ಇಲ್ಲವೋ ಎಂದು ಶಿವನನ್ನೇ ಕೇಳಬೇಕೆಂದಿದ್ದೆ. ಕೇಳಲು ಒಂದು ಗಂಟೆ ನಿಶ್ಶಬ್ದ ಸಿಕ್ಕಬೇಕು ತಾನೆ?) ಅವರು ಆಗಲೇ ಅಕ್ಕನಿಗೆ ಫೋನ್ ಮಾಡಿದ್ದರು. "ಅಕ್ಕ, ಸರೋಜ ಹೆರಿಗೆ ಕೋಣೆ ತ್ಯಾಗ ಮಾಡಿದ್ಲು ಕಣಕ್ಕ!" ಆ ಕಡೆಯಿಂದ ಅತ್ತಿಗೆ ಮೂಗೊರೆಸಿಕೊಂಡ ಸದ್ದು ಕೇಳಿಸಿತು. ಲಾಸ್ಯಳಿಗೆ ಹೇಳಿದರು, ಅಳಿಯ ಮಹೇಶನಿಗೆ ಹೇಳಿದರು, ಹಾಲಿನವನಿಗೂ ಹೇಳಿದರು. ಎರಡು ದಿನದಲ್ಲಿ ನಾನು ನಮ್ಮ ರಸ್ತೆಯ ಆದರ್ಶ ಪತ್ನಿಯಾಗಿದ್ದೆ.

ಶನಿವಾರ ಮಧ್ಯಾಹ್ನ ಹುಜೂರ್ ಹೌಸ್ ಸೇರಿದೆವು. ಆರನೇ ನಂಬರಿನ ಬಾಗಿಲಲ್ಲಿ ನಮ್ಮವರು ಚಪ್ಪಲಿ ಬಿಟ್ಟು ನಿಂತರು. "ಸರೋಜಾ! ಇದನ್ನೇ ಕೇಳಿ ತಗೊಂಡ್ಯಾ? ಹನ್ನೆರಡು ವರ್ಷ ನನ್ ಸೀಟು ಇದೇ ಮೂಲೇಲಿತ್ತು!"

ಕೇಳಿ ತೆಗೆದುಕೊಂಡದ್ದು ನಿಜ. ಸುಮ್ಮನೆ ನಕ್ಕೆ.

ಎಲ್ಲವೂ ನನ್ನ ಯೋಜನೆಯಂತೆಯೇ ನಡೆಯಿತು. ಚೀಲ ಇಟ್ಟದ್ದೇ ಅವರು ಮಾಯ. ಸಂಜೆ ಇಳಿದು ನೋಡಿದರೆ ಹಜಾರದಲ್ಲಿ ಬೇರೆ ಊರಿನ ಅತಿಥಿಗಳನ್ನು ಸುತ್ತ ಕೂರಿಸಿಕೊಂಡು ಕಟ್ಟಡದ ಚರಿತ್ರೆ ಹೇಳುತ್ತಿದ್ದಾರೆ. ಮಂಜುಶ್ರೀ ಬೆರಗಾಗಿ ಕೇಳುತ್ತಿದ್ದಾಳೆ.

"ಸಾರ್, ಪ್ರತಿ ಭಾನುವಾರ ಬೆಳಿಗ್ಗೆ ಏಳರಿಂದ ಎಂಟು ಗೆಸ್ಟುಗಳಿಗೆ ಕಟ್ಟಡ ತೋರಿಸ್ತೀವಿ. ನಾಳೆ ನೀವೇ ತೋರಿಸ್ಬೌದಾ?"

"ಇಲ್ಲಮ್ಮ, ನಮ್ಮನೆಯವರು ಒಬ್ರೇ ಆಗ್ತಾರೆ" ಅಂದರು ನಮ್ಮವರು, ಹಲ್ಲು ಕಿರಿಯುತ್ತ.

"ಹೋಗಿ ಬನ್ರೀ" ಅಂದೆ ನಾನು, ಅವರ ಮಾತು ಮುಗಿಯುವ ಮೊದಲೇ. "ಆ ಮಗು ಅಷ್ಟು ಕೇಳ್ತಿದೆ. ನಂದು ನಾನು ನೋಡ್ಕೋತೀನಿ."

ಭಾನುವಾರ ಏಳಕ್ಕೆ ಐದು ನಿಮಿಷವಿರುವಾಗ ಇಸ್ತ್ರಿ ಮಾಡಿದ ಶರಟು ಹಾಕಿ, ಜೇಬಿಗೆ ಪೆನ್ನು ಸಿಕ್ಕಿಸಿ ಅವರು ಹೊರಟರು. ನಾನು ಬಾಗಿಲ ಹಿಡಿಗೆ 'ದಯವಿಟ್ಟು ತೊಂದರೆ ಕೊಡಬೇಡಿ' ಎಂಬ ಮರದ ಫಲಕ ನೇತುಹಾಕಿದೆ. ನೆಲದ ಮೇಲೆ ಮನೆಯಿಂದ ತಂದ ಚಾಪೆ ಹಾಸಿ, ಬಿಲ್ವಪತ್ರೆ, ಹೂವು, ನೈವೇದ್ಯಕ್ಕೆ ಎರಡು ಬಾಳೆಹಣ್ಣು ಇಟ್ಟುಕೊಂಡು ಕೂತೆ.

ಏನು ಹೇಳಲಿ! ಮೊದಲ ಹತ್ತು ನಿಮಿಷ ಕಿವಿ ಅಭ್ಯಾಸಬಲದಿಂದ ತಾನಾಗಿಯೇ ನಿಮಿರಿ ನಿಂತಿತ್ತು. ಆಮೇಲೆ ಅದೂ ಸೋತು ಮಲಗಿತು. ಉಸಿರು ನಿಧಾನವಾಯಿತು. ಅಂಗೈಯ ಲಿಂಗದ ಮೇಲೆ ಕಿಟಕಿಯ ಬೆಳಕು ಬಿದ್ದು ಒಂದು ಸಣ್ಣ ಚುಕ್ಕೆ ಹೊಳೆಯುತ್ತಿತ್ತು. ಆ ಚುಕ್ಕೆಯಲ್ಲಿ ವಿಜಯನಗರವಿರಲಿಲ್ಲ, ಲಕ್ಷ್ಮೀಪುರಂ ಇರಲಿಲ್ಲ, ನಾನೂ ಇದ್ದೇನೋ ಇಲ್ಲವೋ. ಪಂಚಾಕ್ಷರಿ ನಾಲಿಗೆಯಿಂದ ಇಳಿದು ಎದೆಯಲ್ಲಿ ತಾನೇ ನಡೆಯುತ್ತಿತ್ತು. ಇದಕ್ಕಾಗಿ ಮೂವತ್ತಮೂರು ವರ್ಷ ಕಾದದ್ದು ಸಾರ್ಥಕ ಅನ್ನಿಸಿತು.

ಆಗ ಬಾಗಿಲಾಚೆ ದನಿ ಕೇಳಿತು.

"ಈಗ ನಾವು ಇಡೀ ಕಟ್ಟಡದ ಹೃದಯಕ್ಕೆ ಬರ್ತಿದ್ದೀವಿ."

"ಸರ್, ಏನೋ ಬೋರ್ಡ್ ಹಾಕಿದಾರೆ..."

"ಅದು ಹೊರಗಿನವರಿಗೆ. ನನ್ನ ರೂಮಿಗೆ ನಾನು ಪರ್ಮಿಷನ್ ಕೇಳ್ಬೇಕಾ? ನಮ್ಮನೆಯವರ ಪೂಜೆ ಏಳೂ ಹತ್ತಕ್ಕೇ ಮುಗಿದಿರುತ್ತೆ. ಕರೆಕ್ಟಾಗಿ ಎಂಟು ನಿಮಿಷ, ಗಡಿಯಾರ ಇದ್ದಂಗೆ."

ಟಿಣ್ ಎಂದು ಬೀಗ ತೆರೆಯಿತು. ನಮ್ಮವರು, ಅವರ ಹಿಂದೆ ಪೇಟ ಧರಿಸಿದ ಚಿಕ್ಕಣ್ಣ, ಚಿಕ್ಕಣ್ಣನ ಹಿಂದೆ ಕ್ಯಾಮೆರಾ, ಟೋಪಿ, ನೀರಿನ ಬಾಟಲಿಗಳ ಸಮೇತ ಹನ್ನೊಂದು ಜನ ಒಳಗೆ ಬಂದರು.

ಬೈಯೋಣವೆಂದರೆ ಬಾಯಿ ತೆರೆಯುವಂತಿಲ್ಲ. ಎದ್ದು ಬಚ್ಚಲಿಗೆ ಓಡೋಣವೆಂದರೆ ಅಂಗೈಯಲ್ಲಿ ಲಿಂಗ. ಒದ್ದೆ ಕೂದಲು, ಮೈಗೆಲ್ಲ ವಿಭೂತಿ, ಹಳೆಯ ಮಡಿ ಸೀರೆ. ಕೂತಲ್ಲೇ ಕೂತಿದ್ದೆ. ನಮ್ಮವರು ಒಂದು ಕ್ಷಣ ಕಲ್ಲಾದರು. ಆದರೆ ಇಪ್ಪತ್ತೊಂದು ವರ್ಷ ಮೇಲಧಿಕಾರಿಗಳ ತಪಾಸಣೆ ಎದುರಿಸಿದವರು, ಎರಡನೇ ಕ್ಷಣಕ್ಕೆ ಸುಧಾರಿಸಿಕೊಂಡರು.

"ಶ್! ಎಲ್ಲರೂ ಸದ್ದಿಲ್ಲದೆ ಕೂತ್ಕೊಳ್ಳಿ. ಚಪ್ಪಲಿ ಹೊರಗೆ."

ಹನ್ನೊಂದು ಜನವೂ ಶ್ರದ್ಧೆಯಿಂದ ನೆಲದ ಮೇಲೆ ಕೂತರು. ಹಿಂದಿನಿಂದ ಯಾರೋ ಪಿಸುಗುಟ್ಟಿದರು: "ಇದೂ ಪ್ಯಾಕೇಜಲ್ಲಿ ಇದೆಯಾ?"

ಬೇರೆ ಯಾರಾದರೂ ಅಷ್ಟಕ್ಕೆ ಸುಮ್ಮನಾಗುತ್ತಿದ್ದರು. ನಮ್ಮವರು ವಿವರಣೆ ಶುರುಮಾಡಿದರು. "ಈಗ ಬಿಲ್ವಪತ್ರೆ ಏರಿಸ್ತಾರೆ... ನೋಡಿ, ಏರಿಸಿದ್ರು. ಈಗ ಹೂವು... ಬಲಗೈ ಗಮನಿಸಿ." ಅವರದು ಎರಡು ನಿಮಿಷದ ಪೂಜೆ, ಮುಂದಿನ ಕ್ರಮ ಅವರಿಗೆಲ್ಲಿ ಗೊತ್ತು? "ಈಗ ಕರ್ಪೂರದಾರತಿ" ಎಂದುಬಿಟ್ಟರು. ಹನ್ನೊಂದು ಜನವೂ ಕೈ ಮುಗಿದು ಕಾದರು. ಕೋಣೆಯಲ್ಲಿ ಕರ್ಪೂರ ಹಚ್ಚಬಾರದೆಂದು ಮಂಜುಶ್ರೀ ಮೊದಲೇ ಹೇಳಿದ್ದಳು. ನಾನು ಇಲ್ಲವೆಂದು ಎರಡು ಸಲ ತಲೆ ಅಲ್ಲಾಡಿಸಿದೆ.

"ಹೀಗೆ ತಲೆ ಅಲ್ಲಾಡಿಸೋದೂ ಒಂದು ಕ್ರಮ" ಅಂದರು ನಮ್ಮವರು. ಮುಂದಿನ ಸಾಲಿನಲ್ಲಿದ್ದ ಇಬ್ಬರು ತಾವೂ ಭಕ್ತಿಯಿಂದ ಎರಡು ಸಲ ತಲೆ ಅಲ್ಲಾಡಿಸಿದರು.

ಹೇಗೆ ಮುಗಿಸಿದೆನೋ ಶಿವನೇ ಬಲ್ಲ. ಲಿಂಗವನ್ನು ಕೊರಳಿಗೆ ಧರಿಸಿದ್ದೇ ಹನ್ನೊಂದು ಅಂಗೈಗಳು ಮುಂದೆ ಬಂದವು. ಪ್ರಸಾದ ಕೇಳಿದವರಿಗೆ ಇಲ್ಲವೆನ್ನಬಾರದು. ಎರಡು ಬಾಳೆಹಣ್ಣನ್ನು ಹನ್ನೊಂದು ಪಾಲು ಮಾಡಿದೆ. ಚಿಕ್ಕಣ್ಣನಿಗೆ ಸಿಪ್ಪೆಗಂಟಿದ್ದ ಚೂರು ಸಿಕ್ಕಿತು, ನನಗೆ ಅದೂ ಇಲ್ಲ.

ಎಲ್ಲರೂ ಹೋದರೂ ಒಬ್ಬ ಹೆಂಗಸು ಏಳಲಿಲ್ಲ. ದಾವಣಗೆರೆಯವರಂತೆ. "ಅಮ್ಮಾರೆ, ನಿಮ್ ಮುಖ ನೋಡಿದ್ರ ಎಲ್ಲಾ ಹೇಳ್ಕೋಬೇಕು ಅನಸ್ತೈತ್ರಿ" ಎಂದು ಶುರುಮಾಡಿ, ಸೊಸೆ ತಂದ ಫ್ರಿಜ್ಜು, ಆ ಫ್ರಿಜ್ಜಿಗೆ ಸೊಸೆ ಹಾಕಿದ ಬೀಗ, ಬೀಗದ ವಿಷಯದಲ್ಲಿ ಮಗನ ಮೌನ, ಎಲ್ಲವನ್ನೂ ಹೇಳಿ ಅತ್ತು ಹಗುರಾಗಿ ಎದ್ದಾಗ ಹತ್ತೂಕಾಲು. ತಿಂಡಿ ಹತ್ತಕ್ಕೇ ಮುಗಿದಿತ್ತು. ಕೆಳಗಿಳಿದು ಬಂದರೆ ಮೇಜು ಒರೆಸುತ್ತಿದ್ದರು. "ಕೇಸರಿಬಾತ್ ಬಹಳ ಚೆನ್ನಾಗಿತ್ತು ಸರೋಜಾ" ಅಂದರು ನಮ್ಮವರು, ಹಲ್ಲಿಗೆ ಕಡ್ಡಿ ಹಾಕುತ್ತ.

ಹೊರಡುವ ಹೊತ್ತಿಗೆ ಮಂಜುಶ್ರೀ ಓಡಿ ಬಂದಳು.

"ಅಮ್ಮಾ, ಎಲ್ಲ ಗೆಸ್ಟೂ ನಿಮ್ಮ ಬಗ್ಗೇನೇ ಬರ್ದಿದ್ದಾರೆ! ಪ್ರತಿ ತಿಂಗಳು ಮೊದಲನೇ ಭಾನುವಾರ ನೀವಿಬ್ರೂ ಬಂದುಬಿಡಿ. ಆರನೇ ನಂಬರ್ ನಿಮಗೇ. ಸಾರ್ ಕಟ್ಟಡ ತೋರಿಸ್ಲಿ. ನೀವೇನೂ ಮಾಡೋದು ಬೇಡ, ಸುಮ್ನೆ ಪೂಜೆ ಮಾಡ್ಕೊಂಡ್ರೆ ಸಾಕು."

ಖಂಡಿತ ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಯಾಕೆ ಎಂದು ಕೇಳಿದರೆ? ಈ ಮನುಷ್ಯರಿಂದ ಒಂದು ಗಂಟೆ ತಪ್ಪಿಸಿಕೊಳ್ಳಲು ಈ ಕಟ್ಟಡ ಆರಿಸಿದ್ದೆ ಎಂದು, ಅವರೆದುರಿಗೇ, ಚಿಕ್ಕಣ್ಣನ ಎದುರಿಗೇ ಹೇಳಲೇ?

ನಮ್ಮವರು ನನ್ನ ಮುಖ ನೋಡಿದರು. ಮೆಲ್ಲಗೆ ಹತ್ತಿರ ಬಂದು, ಎಂದೂ ಇಲ್ಲದ ಮೃದು ದನಿಯಲ್ಲಿ ಅಂದರು:

"ನಿಂಗೆ ಮನಸ್ಸಿಲ್ಲ ಅಂತ ಗೊತ್ತಾಗುತ್ತೆ ಸರೋಜಾ. ಒಂದ್ಸಲ ನನಗೋಸ್ಕರ ಬಿಟ್ಟುಕೊಟ್ಟೆ, ಸಾಕು. ಇನ್ಮೇಲೆ ನಿನ್ನಿಷ್ಟ. ಮುಂದಿನ ತಿಂಗಳು ಮಲ್ಲಿಗೆ ಮಹಲ್‌ಗೇ ಹೋಗೋಣ. ಅಲ್ಲಿ ಚಿಕ್ಕಣ್ಣ ಇಲ್ಲ, ಟೂರಿಲ್ಲ, ಯಾರೂ ಇಲ್ಲ. ನೀನು ಪೂಜೆಗೆ ಕೂತ್ಕೋ, ನಾನು ಎರಡು ದಿನವೂ ನಿನ್ನ ಪಕ್ಕ ಬಿಟ್ಟು ಅಲ್ಲಾಡಲ್ಲ."

ನಾನು ಮಂಜುಶ್ರೀಯ ಕಡೆ ತಿರುಗಿದೆ.

"ಮೊದಲನೇ ಭಾನುವಾರ ಅಂದೆ ತಾನೆ? ಬರ್ಕೊಳ್ಳಮ್ಮ" ಅಂದೆ.